ಬಾಡೂಟಕ್ಕೊಂದು ಗುಮ್ಮಟ

ಮೈಸೂರಿನ ಲಲಿತಮಹಲ್ ಅರಮನೆಯ ಬಗ್ಗೆ ಬರೆಯುವವರೆಲ್ಲ ಮೊದಲು ಸಾಮಾನಿನ ಪಟ್ಟಿ ಕೊಡುತ್ತಾರೆ. ಇಟಲಿಯ ಅಮೃತಶಿಲೆ, ಬೆಲ್ಜಿಯಮ್ಮಿನ ಗಾಜಿನ ತೂಗುದೀಪ, ಪರ್ಷಿಯಾದ ರತ್ನಗಂಬಳಿ, ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್ ನೋಡಿ ಎತ್ತಿದ ಗುಮ್ಮಟ. ಮದುವೆ ಮಾತುಕತೆಯಲ್ಲಿ ಹೆಣ್ಣಿನ ಕಡೆಯವರು ಒಪ್ಪಿಸುವ ಬಂಗಾರದ ಲೆಕ್ಕ ಇದ್ದ ಹಾಗಿರುತ್ತದೆ ಅದು. ಏನೇನು ಬಂತು, ಎಲ್ಲಿಂದ ಬಂತು ಎಲ್ಲ ಗೊತ್ತಾಗುತ್ತದೆ. ಯಾಕೆ ಬಂತು ಎಂದರೆ ಮಾತ್ರ ಒಂದೇ ಸಾಲಿನ ಉತ್ತರ. ವೈಸ್‌ರಾಯ್ ಸಾಹೇಬರು ಬಂದಾಗ ಇಳಿದುಕೊಳ್ಳಲು.

ಯಾಕೆ, ಸಾಹೇಬರಿಗೆ ಮೈಸೂರಿನಲ್ಲಿ ಅಲ್ಲಿಯವರೆಗೆ ಮಲಗಲು ಜಾಗವಿರಲಿಲ್ಲವೇ? ಧಾರಾಳವಾಗಿತ್ತು. ಟಿಪ್ಪುವಿನ ನಂತರ ಬ್ರಿಟಿಷ್ ರೆಸಿಡೆಂಟನಿಗೆಂದು ಕಟ್ಟಿದ ಗವರ್ನಮೆಂಟ್ ಹೌಸ್ ಇತ್ತು. ನಡುವೆ ಒಂದೂ ಕಂಬವಿಲ್ಲದ ಅದರ ಔತಣದ ಹಾಲ್ ಆ ಕಾಲಕ್ಕೆ ಎಂಜಿನಿಯರುಗಳು ನೋಡಲು ಬರುವಂಥದ್ದು. ಅದು ಸಾಲದೆಂದು 1920ರಲ್ಲಿ ಬಿಳಿಯರಿಗೆಂದೇ ಮೆಟ್ರೋಪೋಲ್ ಎಂಬ ಅತಿಥಿಗೃಹ ಎದ್ದಿತು. ಅದರ ಸುಣ್ಣ ಆರುವ ಮೊದಲೇ, 1921ರಲ್ಲಿ, ಲಲಿತಮಹಲಿಗೆ ಅಡಿಗಲ್ಲು ಬಿತ್ತು. ಮುಂಬಯಿಯಿಂದ ಫ್ರಿಚ್ಲಿ ಎಂಬ ವಾಸ್ತುಶಿಲ್ಪಿ ಬಂದರು, ಕಂಟ್ರಾಕ್ಟು ಬಿ. ಮುನಿವೆಂಕಟಪ್ಪನವರದು, ಕೆಲಸ ಮುಗಿಯಲು ಹಿಡಿದದ್ದು ಹತ್ತು ವರ್ಷ.

ಮೈಸೂರಿನ ಹಳಬರನ್ನು ಕೇಳಿ, ಗುಟ್ಟು ಹೊರಬೀಳುತ್ತದೆ. ಸಮಸ್ಯೆ ಮಂಚದ್ದಲ್ಲ, ತಟ್ಟೆಯದು. ಬಿಳಿ ಅತಿಥಿಗೆ ಮಾಂಸ ಬೇಕು, ಜೊತೆಗೆ ಒಂದು ಲೋಟ ಏನಾದರೂ ಬೇಕು. ಕೋಟೆಯೊಳಗಿನ ದೊಡ್ಡ ಅರಮನೆಯೋ, ಸುತ್ತ ದೇವಸ್ಥಾನಗಳನ್ನು ಕಟ್ಟಿಕೊಂಡು ಕೂತಿದೆ. ಪೂಜೆ, ವ್ರತ, ಕಂಕಣ, ಹೋಮದ ಹೊಗೆ. ಅದರ ಒಲೆಯ ಮೇಲೆ ಸಾಹೇಬರ ಬೀಫ್ ರೋಸ್ಟು ಏರಿಸಲು ಯಾವ ಅಡುಗೆಭಟ್ಟರು ಒಪ್ಪಿಯಾರು? ಹಾಗೆಂದು, ಭಾರತವನ್ನು ಆಳುವವನಿಗೆ ಎಲೆ ಹಾಕಿ ತಿಳಿಸಾರು ಬಡಿಸಿ, ‘ದೊರೆ, ನಮ್ಮಲ್ಲಿ ಇಷ್ಟೇ’ ಅನ್ನುವುದಕ್ಕಾಗುತ್ತದೆಯೇ? ಆದ್ದರಿಂದ ಒಂದು ಇತ್ಯರ್ಥಕ್ಕೆ ಬಂದರು. ಸಾಹೇಬರು ಏನು ಬೇಕಾದರೂ ತಿನ್ನಲಿ, ಆದರೆ ಊರಾಚೆ ತಿನ್ನಲಿ.

ಊರಾಚೆ. ಈ ಏರ್ಪಾಟನ್ನು ನಾವು ಎಲ್ಲಿಯೋ ನೋಡಿದ್ದೇವಲ್ಲ? ಹೌದು, ನಮ್ಮ ಪ್ರತಿಯೊಂದು ಹಳ್ಳಿಯಲ್ಲೂ ನೋಡಿದ್ದೇವೆ. ಅಗ್ರಹಾರ ನಡುವೆ, ಕೇರಿ ಊರಾಚೆ. ದನದ ಮಾಂಸ ತಿನ್ನುವವನು ಒಳಗೆ ಬರುವಂತಿಲ್ಲ, ನೀರು ಮುಟ್ಟುವಂತಿಲ್ಲ, ಅವನ ಒಲೆಯ ಹೊಗೆ ಇತ್ತ ತೇಲಿ ಬರುವಂತಿಲ್ಲ. ವೈಸ್‌ರಾಯನಿಗೂ ನಮ್ಮ ಧರ್ಮಶಾಸ್ತ್ರ ಅದೇ ನಿಯಮವನ್ನು ಚಾಚೂ ತಪ್ಪದೆ ಅನ್ವಯಿಸಿತು. ಭೇದಭಾವ ಮಾಡಲಿಲ್ಲ. ವ್ಯತ್ಯಾಸವೆಲ್ಲ ಕಟ್ಟಡ ಸಾಮಗ್ರಿಯಲ್ಲಿ: ಆ ಕೇರಿಗೆ ಸೋಗೆಯ ಮಾಡು, ಈ ಕೇರಿಗೆ ಸೇಂಟ್ ಪಾಲ್ಸಿನ ಗುಮ್ಮಟ.

ಆ ಗುಮ್ಮಟದ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಲಂಡನ್ನಿನ ಮೂಲ ಗುಮ್ಮಟವನ್ನು ಕ್ರಿಸ್ಟೋಫರ್ ರೆನ್ ಕಟ್ಟಿ ಮುಗಿಸಿದ್ದು 1710ರ ಹೊತ್ತಿಗೆ. ಶಿಲುಬೆಯ ತುದಿಯವರೆಗೆ 365 ಅಡಿ. ಅದು ದೇವರ ಮನೆ. ಜನ ಅಲ್ಲಿ ದನಿ ತಗ್ಗಿಸಿ, ಟೋಪಿ ತೆಗೆದು ಒಳಗೆ ಹೋಗುತ್ತಾರೆ. ಅದೇ ಆಕಾರವನ್ನು ಇಳಿಸಿ ತಂದು ನಾವು ಚಾಮುಂಡಿಬೆಟ್ಟದ ಬಗಲಲ್ಲಿ ಒಂದು ಮಿಲಿಟರಿ ಹೋಟೆಲಿನ ನೆತ್ತಿಗೆ ಇಟ್ಟೆವು. ಇಂಗ್ಲೆಂಡಿನ ಪಾದ್ರಿಗಳಿಗೆ ಇದು ತಿಳಿದಿತ್ತೋ ಇಲ್ಲವೋ. ತಿಳಿದಿದ್ದರೂ ಊಟ ಚೆನ್ನಾಗಿದ್ದರೆ ಸುಮ್ಮನಿರುತ್ತಿದ್ದರು ಅನ್ನಿ.

ಸಾಹೇಬರಿಗಂತೂ ತಾವು ಊರಾಚೆಯವರಾಗಿದ್ದೇವೆ ಅನ್ನುವುದು ಕೊನೆಯವರೆಗೆ ಗೊತ್ತಾಗಿರಲಾರದು. ಮೈಸೂರಿನ ಮಡಿಯ ಜಾಣತನ ಇರುವುದೇ ಅಲ್ಲಿ. ಅವಮಾನವನ್ನು ಅಮೃತಶಿಲೆಯಲ್ಲಿ ಸುತ್ತಿ ಕೊಟ್ಟರೆ ಪಡೆದವನು ಥ್ಯಾಂಕ್ಸ್ ಹೇಳುತ್ತಾನೆ. ಬೆಳಗ್ಗೆ ಎದ್ದು ಜೋಡಿ ಕಂಬಗಳ ಮೊಗಸಾಲೆಯಲ್ಲಿ ನಿಂತು ದೂರದಲ್ಲಿ ಊರನ್ನು ನೋಡುತ್ತ, ಈ ಜನ ನಮಗೆ ಎಷ್ಟು ಮರ್ಯಾದೆ ಕೊಟ್ಟಿದ್ದಾರೆ, ಗಲಾಟೆಯಿಂದ ದೂರ ಎಂಥ ಪ್ರಶಾಂತ ಜಾಗದಲ್ಲಿ ಇಳಿಸಿದ್ದಾರೆ ಎಂದು ಅವನು ಹಿಗ್ಗುತ್ತಿದ್ದರೆ, ಅತ್ತ ಊರಿನಲ್ಲಿ ಪುರೋಹಿತರು ಮಹಾರಾಜರ ಅರಮನೆ ಕೆಡಲಿಲ್ಲವಲ್ಲ ಎಂದು ನೆಮ್ಮದಿಯಿಂದ ಸಂಧ್ಯಾವಂದನೆಗೆ ಕೂತಿರುತ್ತಿದ್ದರು. ಇಬ್ಬರೂ ಗೆದ್ದರು. ಬಿಲ್ಲು ಖಜಾನೆಗೆ ಹೋಯಿತು.

ಈ ಅರಮನೆ ಕಟ್ಟಿಸಿದ ನಾಲ್ವಡಿ ಕೃಷ್ಣರಾಜ ಒಡೆಯರನ್ನು ಇದಕ್ಕಾಗಿ ಗೇಲಿ ಮಾಡುವ ಧೈರ್ಯ ನನಗಿಲ್ಲ, ಮನಸ್ಸೂ ಇಲ್ಲ. ಗಾಂಧೀಜಿಯಿಂದ ರಾಜರ್ಷಿ ಅನ್ನಿಸಿಕೊಂಡವರು. 1916ರಲ್ಲಿ ವಿಶ್ವವಿದ್ಯಾನಿಲಯ ಕೊಟ್ಟವರು, ಹಿಂದುಳಿದವರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಬೇಕೆಂದು ಮಿಲ್ಲರ್ ಸಮಿತಿ ನೇಮಿಸಿ, ದಿವಾನ್ ವಿಶ್ವೇಶ್ವರಯ್ಯನವರು ಹುದ್ದೆ ಬಿಟ್ಟು ಹೋದರೂ ಹಿಂದೆ ಸರಿಯದವರು. ಕನ್ನಂಬಾಡಿ ಕಟ್ಟೆ ಅವರ ಕಾಲದ್ದು. ಅಂಥ ದೊರೆಯೂ ಅಡುಗೆಮನೆಯ ಹೊಸಿಲ ಹತ್ತಿರ ಬಂದಾಗ ನಿಂತರು. ಅಣೆಕಟ್ಟು ಕಟ್ಟಿ ಕಾವೇರಿಯನ್ನು ತಿರುಗಿಸುವುದು ಸುಲಭ. ಒಂದು ಒಲೆಯನ್ನು ಹನ್ನೆರಡು ಅಡಿ ಆಚೆ ಸರಿಸುವುದು ಕಷ್ಟ; ಅದಕ್ಕೆ ಬೇರೆ ಅರಮನೆಯನ್ನೇ ಕಟ್ಟಬೇಕಾಗುತ್ತದೆ. ಆದರೂ ಒಂದು ಮಾತು ಒಪ್ಪಬೇಕು. ಅತಿಥಿಯ ತಟ್ಟೆಯನ್ನು ತಿದ್ದಲು ಅವರು ಹೋಗಲಿಲ್ಲ. ‘ನಮ್ಮ ಸಂಸ್ಕೃತಿ ಇದು, ಮೂರು ದಿನ ಬಾಯಿ ಕಟ್ಟಿ’ ಎಂದು ಉಪದೇಶ ಮಾಡಲಿಲ್ಲ. ತಮ್ಮ ಮಡಿಯ ಖರ್ಚನ್ನು ತಾವೇ ಭರಿಸಿದರು. ಈಗಿನವರು ಮಡಿ ತಮ್ಮದು ಮಾಡಿಕೊಂಡು ಖರ್ಚನ್ನು ಎದುರಿನವನ ಹೊಟ್ಟೆಯ ಮೇಲೆ ಹಾಕುತ್ತಾರೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಅರಮನೆ ಮುಗಿದ ಮುಹೂರ್ತ ನೋಡಿ. 1931. ಅದೇ ವರ್ಷ ಫೆಬ್ರವರಿಯಲ್ಲಿ ಹೊಸ ದೆಹಲಿಯ ಉದ್ಘಾಟನೆಯಾಗಿ, 340 ಕೋಣೆಗಳ ವೈಸ್‌ರಾಯ್ ಭವನ ಝಗಮಗಿಸುತ್ತಿತ್ತು. ಅದರೊಳಗೆ ಗಾಂಧಿ ಎಂಬ ಮುದುಕರು ಬರಿಮೈಗೆ ಒಂದು ವಸ್ತ್ರ ಹೊದ್ದು ಕೂತು ಲಾರ್ಡ್ ಇರ್ವಿನ್ ಜೊತೆ ಒಪ್ಪಂದದ ಮಾತಾಡುತ್ತಿದ್ದರು. ಹುದ್ದೆಯ ಬುಡ ಅಲ್ಲಾಡುತ್ತಿದೆ, ಕ್ವಾರ್ಟರ್ಸ್ ಮಾತ್ರ ಎರಡೆರಡು ಕಡೆ ರೆಡಿ. ಇನ್ನು ಹದಿನಾರೇ ವರ್ಷಕ್ಕೆ ಆ ಹುದ್ದೆಯೇ ರದ್ದಾಯಿತು. ಲೋಕೋಪಯೋಗಿ ಇಲಾಖೆಯ ಕಾಮಗಾರಿಗಳು ಉದ್ದೇಶ ಮುಗಿದ ಮೇಲೆ ಪೂರ್ಣಗೊಳ್ಳುತ್ತವೆ ಎಂದು ಇವತ್ತು ಗೊಣಗುವವರು ಇದನ್ನು ಗಮನಿಸಬೇಕು. ನಮ್ಮದು ಹಳೆಯ ಪರಂಪರೆ.

ಆಮೇಲೆ ಅರಮನೆಗಳಿಗೆ ಕಷ್ಟ ಬಂತು. 1971ರಲ್ಲಿ ಸಂವಿಧಾನಕ್ಕೆ 26ನೇ ತಿದ್ದುಪಡಿಯಾಗಿ ರಾಜಧನ ನಿಂತಿತು. ಆ ಹೊತ್ತಿಗೆ ಇಡೀ ದೇಶದಲ್ಲಿ ಅತಿ ದೊಡ್ಡ ರಾಜಧನ, ವರ್ಷಕ್ಕೆ 26 ಲಕ್ಷ, ಮೈಸೂರಿನದೇ ಆಗಿತ್ತು. ರಾಜಸ್ಥಾನದ ಜಾಣ ಅರಸರು ಮೊದಲೇ ಗಾಳಿ ನೋಡಿ ತೂರಿಕೊಂಡಿದ್ದರು. ಜೈಪುರದ ರಾಮ್‌ಬಾಗ್ 1957ರಲ್ಲೇ ಹೋಟೆಲಾಗಿತ್ತು, ಉದಯಪುರದ ಸರೋವರದ ಅರಮನೆ 1963ರಲ್ಲಿ. ಲಲಿತಮಹಲ್ 1974ರಲ್ಲಿ ಹೋಟೆಲಾಯಿತು. ನಡೆಸಲು ಬಂದದ್ದು ಭಾರತ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ. ಅವರ ಹೋಟೆಲುಗಳಿಗೆಲ್ಲ ಒಂದೇ ಮನೆಹೆಸರು: ಅಶೋಕ.

ಯಾವ ಅಶೋಕ? ಬಂಡೆಯ ಮೇಲೆ ಕೆತ್ತಿಸಿದ ಮೊದಲನೆಯ ಶಾಸನದಲ್ಲಿ, ತನ್ನ ಅಡುಗೆಮನೆಯಲ್ಲಿ ಹಿಂದೆ ಲಕ್ಷಗಟ್ಟಲೆ ಪ್ರಾಣಿಗಳು ಸಾಯುತ್ತಿದ್ದವು, ಈಗ ದಿನಕ್ಕೆ ಎರಡು ನವಿಲು, ಒಂದು ಜಿಂಕೆ ಮಾತ್ರ, ಆ ಜಿಂಕೆಯೂ ದಿನಾ ಅಲ್ಲ, ಮುಂದೆ ಅದೂ ಇಲ್ಲ ಎಂದು ಲೆಕ್ಕ ಒಪ್ಪಿಸಿದ ಅದೇ ಅಶೋಕ. ಬಾಡೂಟಕ್ಕೆಂದೇ ಕಟ್ಟಿದ ಅರಮನೆಗೆ ಬಾಡು ಬಿಟ್ಟವನ ಹೆಸರು. ದೆಹಲಿಯ ಕಡತದಲ್ಲಿ ಈ ತಮಾಷೆ ಮಾಡಿದ ಅಧಿಕಾರಿ ಯಾರೋ, ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ಕೊಡಬೇಕು. ಬೇಕೆಂದೇ ಮಾಡಿರಲಿಕ್ಕಿಲ್ಲ, ಸರ್ಕಾರದಲ್ಲಿ ಒಳ್ಳೆಯ ಹಾಸ್ಯವೆಲ್ಲ ಕೈತಪ್ಪಿ ಆಗುವಂಥದ್ದು.

ಕೆಲವು ವರ್ಷಗಳ ಹಿಂದೆ ಅಶೋಕ ಕೈಬಿಟ್ಟ. ಅರಮನೆ ರಾಜ್ಯಕ್ಕೆ ವಾಪಸು ಬಂದು ಜಂಗಲ್ ಲಾಡ್ಜಸ್‌ನ ಉಸ್ತುವಾರಿಗೆ ಸೇರಿತು. 1980ರಲ್ಲಿ ಕಬಿನಿಯ ಕಾಡಿನಲ್ಲಿ ಶುರುವಾದ, ಜನರಿಗೆ ಆನೆ ತೋರಿಸುವ, ಹುಲಿ ಕಾಣದಿದ್ದರೆ ಅದರ ಹೆಜ್ಜೆ ತೋರಿಸುವ ಸಂಸ್ಥೆ ಅದು. ವೈಸ್‌ರಾಯ್ ಎಂಬ ಪ್ರಾಣಿಯ ಸಂತತಿ ಅಳಿದ ಮೇಲೆ ಅದರ ಆವಾಸಸ್ಥಾನವನ್ನು ವನ್ಯಜೀವಿ ಕಡೆಯವರಿಗೆ ಒಪ್ಪಿಸಿದ್ದು ನನಗಂತೂ ಬಹಳ ನ್ಯಾಯವಾಗಿ ಕಂಡಿತು.

ಈಗ ಆ ಜಾಗದಲ್ಲಿ ನಮ್ಮನಿಮ್ಮಂಥವರ ಸಂಚಾರ. ನಮ್ಮ ಅಜ್ಜ ಹೋಗಿದ್ದರೆ ಗೇಟಿನ ಹೊರಗೆ ಗಾಡಿಯ ಪಕ್ಕ ಕಾಯುತ್ತಿದ್ದ ಮನೆ. ನಾವು ಆಧಾರ್ ಕಾರ್ಡು ತೋರಿಸಿ ಒಳಗೆ ಹೋಗುತ್ತೇವೆ. ಹೆರಿಟೇಜ್ ಹೋಟೆಲುಗಳು ಎಲ್ಲ ಕಡೆ ಮಾರುವ ಸರಕು ಇದೇ. ಹಾಸಿಗೆ, ಬಿಸಿನೀರು, ಏಸಿ ಎಲ್ಲ ಬಸ್‌ಸ್ಟ್ಯಾಂಡ್ ಎದುರಿನ ಲಾಡ್ಜಿನಲ್ಲೂ ಇದೆ. ನಿಜ ಹೇಳಬೇಕೆಂದರೆ ಅಲ್ಲಿ ಬಿಸಿನೀರು ಬೇಗ ಬರುತ್ತದೆ. ಇಲ್ಲಿ ದುಡ್ಡು ಕೊಡುವುದು ಒಂದು ರಾತ್ರಿ ಬಿಳಿಯನಾಗುವುದಕ್ಕೆ. ಬಾಗಿಲಲ್ಲಿ ಮೀಸೆ ತಿರುವಿಕೊಂಡು ಜರಿಪೇಟ ತೊಟ್ಟವನೊಬ್ಬ ನಿಂತು ಬಗ್ಗಿ ಸಲಾಮು ಹೊಡೆಯುತ್ತಾನೆ. ಮೈಸೂರು ಪೇಟವೆಂಬುದು ದೊರೆಯ ತಲೆಯ ಮೇಲಿದ್ದದ್ದು. ಈಗ ಅದು ಎರಡೇ ಕಡೆ ಕಾಣುತ್ತದೆ, ಸನ್ಮಾನ ಮಾಡಿಸಿಕೊಳ್ಳುವ ಸಾಹಿತಿಯ ತಲೆಯ ಮೇಲೆ ಮತ್ತು ಹೋಟೆಲ್ ಬಾಗಿಲು ತೆಗೆಯುವವನ ತಲೆಯ ಮೇಲೆ. ಸಾಹಿತಿಯದನ್ನು ಫೋಟೋ ಆದೊಡನೆ ವಾಪಸು ಇಸಿದುಕೊಳ್ಳುತ್ತಾರೆ. ಬಾಗಿಲಿನವನದು ಎಂಟು ಗಂಟೆ ಡ್ಯೂಟಿ.

ಲಲಿತಮಹಲಿನ ಜೋಡಿ ಮೆಟ್ಟಿಲು ಎರಡೂ ಕಡೆಯಿಂದ ಬಳುಕಿ ಮೇಲೇರುವಂಥದ್ದು, ಕೈಯಿಟ್ಟರೆ ತಣ್ಣಗೆ ನುಣುಪಾಗಿರುವ ಬಿಳಿ ಕಲ್ಲು. ಗೌನು ತೊಟ್ಟ ದೊರೆಸಾನಿ ಅದರ ಮೇಲಿಂದ ನಿಧಾನಕ್ಕೆ ಇಳಿಯಬೇಕು, ಕೆಳಗೆ ನಿಂತವರು ಕತ್ತೆತ್ತಿ ನೋಡಬೇಕು, ಅದಕ್ಕೆಂದೇ ಮಾಡಿದ್ದು. ಇಂಥ ಮೆಟ್ಟಿಲು ಇರುವ ಯಾವ ಹೋಟೆಲಿಗೆ ಹೋದರೂ ಈಗ ಪ್ರೀ ವೆಡ್ಡಿಂಗ್ ಶೂಟಿಂಗ್. ಚಿಕ್ಕಪೇಟೆಯಲ್ಲಿ ಕೊಂಡ ಲೆಹೆಂಗಾ ಉಟ್ಟ ಹುಡುಗಿ ಆರನೆಯ ಮೆಟ್ಟಿಲ ಮೇಲೆ. ಕೆಳಗೆ ಬಾಡಿಗೆ ಶೇರ್ವಾನಿಯೊಳಗೆ ಬೆವರುತ್ತಿರುವ ಸಾಫ್ಟ್‌ವೇರ್ ಹುಡುಗ. ‘ಸಾರ್, ಗಲ್ಲ ಸ್ವಲ್ಪ ಮೇಲೆ... ಮಹಾರಾಜನ ಥರ ನೋಡಿ... ಮೇಡಮ್‌ನ ನೋಡ್ಬೇಡಿ ಸಾರ್, ಲೈಟ್ ನೋಡಿ’ ಎಂದು ಫೋಟೋಗ್ರಾಫರ್ ಕೂಗುತ್ತಾನೆ. ಅವನ ಅಸಿಸ್ಟೆಂಟು ಹುಡುಗ ಓಡಿಬಂದು ಲೆಹೆಂಗಾದ ಸೆರಗನ್ನು ಗಾಳಿಗೆ ಎಸೆದು ಕ್ಯಾಮೆರಾಗೆ ಸಿಗದಂತೆ ಥಟ್ಟನೆ ಕಂಬದ ಹಿಂದೆ ಕೂರುತ್ತಾನೆ. ಮತ್ತೆ ಎಸೆಯುತ್ತಾನೆ, ಮತ್ತೆ ಕೂರುತ್ತಾನೆ. ಆ ಕಟ್ಟಡದಲ್ಲಿ ಹಳೆಯ ಅರಮನೆ ಊಳಿಗ ನಿಜಕ್ಕೂ ಜೀವಂತವಾಗಿ ಉಳಿದಿರುವುದು ಅವನೊಬ್ಬನಲ್ಲಿ.

ಲಲಿತಮಹಲಿನಲ್ಲಿ ಹಿಂದೆ ಬಾಲ್ ಡಾನ್ಸ್ ನಡೆಯುತ್ತಿದ್ದ ಹಾಲೇ ಈಗ ಊಟದ ಹಾಲ್. ತಿಳಿನೀಲಿ ಗೋಡೆ, ಅದರ ಮೇಲೆ ಬಿಳಿಯ ಗಾರೆಯ ಕುಸುರಿ, ತಲೆಯ ಮೇಲೆ ಬಣ್ಣದ ಗಾಜು. ಚೆಂದ ಇದೆ. ಚೆಂದ ಇರುವುದನ್ನು ಚೆಂದ ಇದೆ ಅನ್ನಲು ನನಗೇನೂ ಸಂಕಟವಿಲ್ಲ. ಮಧ್ಯಾಹ್ನದ ಬಿಸಿಲು ಆ ಗಾಜಿನಿಂದ ಸೋಸಿ ಬಂದು ಮೇಜಿನ ಬಿಳಿ ಬಟ್ಟೆಯ ಮೇಲೆ ಬಿದ್ದಾಗ, ಚಮಚ ಹಿಡಿದು ತಿನ್ನಲು ಬಾರದವನಿಗೂ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಅಲ್ಲಿ ಈಗ ಸಸ್ಯಾಹಾರದ ಥಾಲಿಯೂ ಸಿಗುತ್ತದೆ. ಹಪ್ಪಳ ಮುರಿಯುವ ಸದ್ದು ಆ ಎತ್ತರದ ಹಾಲಿನಲ್ಲಿ ಚೆನ್ನಾಗಿ ಕೇಳಿಸುತ್ತದೆ.

ಇಂಥ ಊಟದ ಹಾಲುಗಳಲ್ಲಿ ಪಕ್ಕದ ಮೇಜಿಗೆ ಕಿವಿ ಕೊಟ್ಟರೆ ತಪ್ಪದೆ ಒಂದು ಸಂಭಾಷಣೆ ಕೇಳಿಸುತ್ತದೆ.

‘ರೀ, ಇಲ್ಲಿ ನಾನ್‌ವೆಜ್ಜೂ ಮಾಡ್ತಾರಂತೆ. ಪಾತ್ರೆ ಬೇರೆ ಇಟ್ಟಿದಾರಾ ಕೇಳಿ.’

‘ಏನಪ್ಪಾ, ವೆಜ್‌ಗೆ ಪಾತ್ರೆ ಬೇರೆ ತಾನೇ?’

‘ಬೇರೆ ಸಾರ್.’

‘ಒಲೆ?’

‘ಒಲೇನೂ ಬೇರೆ ಸಾರ್. ಕಿಚನ್ನೇ ಬೇರೆ.’

ಕಿಚನ್ನೇ ಬೇರೆ! ನೆತ್ತಿಯ ಮೇಲೆ ಬೆಲ್ಜಿಯಂ ದೀಪ ತೂಗುವ ಇಂಥ ಹಾಲಿನಲ್ಲಿ ಕೂತು, ಯಜಮಾನರು ಆ ಉತ್ತರಕ್ಕೆ ಸಮಾಧಾನದಿಂದ ತಲೆಯಾಡಿಸುತ್ತಾರೆ. ಅಯ್ಯಾ, ಲಲಿತಮಹಲಿನಲ್ಲಿ ನೀವು ಕೂತಿರುವುದೇ ಆ ಬೇರೆ ಕಿಚನ್ನಿನೊಳಗೆ. ಹತ್ತು ವರ್ಷ ಹಿಡಿದು, ಇಟಲಿಯಿಂದ ಕಲ್ಲು ತರಿಸಿ ಕಟ್ಟಿದ ಪ್ರತ್ಯೇಕ ಪಾತ್ರೆ ಅದು. ಬಿಳಿಯ ಹೋದ, ಮಡಿ ವಾಪಸು ಬಂದು ಅವನ ಕುರ್ಚಿಯಲ್ಲಿ ಕೂತು, ಮೆನು ಕಾರ್ಡ್ ತಿರುವಿ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ್ದು ಏನಿದೆ ಎಂದು ವಿಚಾರಿಸುತ್ತಿದೆ.

ಇನ್ನು ಬಾಕಿ ಇಟ್ಟ ಮಾತು. ಲಲಿತಮಹಲಿನಿಂದ ಮಂಡ್ಯಕ್ಕೆ ಸುಮಾರು 45 ಕಿಲೋಮೀಟರ್. ಈಗ ವಿಶ್ವೇಶ್ವರಯ್ಯ ನಾಲೆ ಅನ್ನಿಸಿಕೊಂಡಿರುವ, ಮಂಡ್ಯದ ಬಯಲಿಗೆ ಕನ್ನಂಬಾಡಿಯ ನೀರು ಹರಿಸಿದ ನಾಲೆಗೆ ಮೊದಲು ಇಟ್ಟದ್ದು ವೈಸ್‌ರಾಯ್ ಇರ್ವಿನ್ನನ ಹೆಸರು. ಅರಮನೆ ಅವನ ಹುದ್ದೆಗೆ, ನಾಲೆ ಅವನ ಹೆಸರಿಗೆ. ನೀರಿಗೆ ಹೆಸರಿನ ಹಂಗಿಲ್ಲವಾದ್ದರಿಂದ ಭತ್ತ ಬೆಳೆಯಿತು, ಕಬ್ಬು ಬೆಳೆಯಿತು, ಕೋಳಿ ಕುರಿ ಬೆಳೆದವು, ಅವುಗಳನ್ನು ತಿಂದು ಮಂಡ್ಯದ ಜನ ಬೆಳೆದರು. 2024ರ ಡಿಸೆಂಬರಿನಲ್ಲಿ ಅದೇ ಮಂಡ್ಯದಲ್ಲಿ 87ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವಾಯಿತು. ಮಳಿಗೆಗಳ ಸೂಚನೆಯಲ್ಲಿ ಮದ್ಯ, ತಂಬಾಕು, ಮಾಂಸಾಹಾರ ಮೂರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ನಿಷಿದ್ಧ ಅಂದರು. ಮುದ್ದೆ ಜೊತೆಗೆ ಮಟನ್ ಸಾರು ಉಂಡು ಬೆಳೆದ ಊರಿನಲ್ಲಿ, ಊರಿನವರದೇ ಹಬ್ಬದಲ್ಲಿ, ಊರಿನವರ ಊಟ ಬೀಡಿ ಬ್ರಾಂದಿಯ ಪಕ್ಕ ಹೋಗಿ ನಿಂತಿತು. ಗಲಾಟೆಯಾಯಿತು, ಪ್ರತಿಭಟನೆಯಾಯಿತು. ಸಂಸ್ಕೃತಿ, ಪರಂಪರೆ, ಇದುವರೆಗೆ ಎಲ್ಲೂ ಬಡಿಸಿಲ್ಲ, ಈಗ ಯಾಕೆ ಎಂಬ ಮಾತುಗಳೂ ಬಂದವು.

ಇದುವರೆಗೆ ಎಲ್ಲೂ ಬಡಿಸಿಲ್ಲ ಅಂದರೆ ಹೇಗೆ ಸ್ವಾಮಿ? ಸಮ್ಮೇಳನದಲ್ಲಿ ಬಡಿಸಿಲ್ಲದಿರಬಹುದು. ಅತಿಥಿ ಸತ್ಕಾರದಲ್ಲಿ ನಮ್ಮ ಸಂಸ್ಕೃತಿಗೆ ಬಾಡೂಟ ಬಡಿಸಿ ಅಭ್ಯಾಸವೇ ಇಲ್ಲ ಎಂದು ಯಾರು ಹೇಳಿದ್ದು? ಅಮೃತಶಿಲೆಯ ಮೇಲೆ ಮೇಜು ಹಾಕಿ, ಬಟ್ಟೆ ಹಾಸಿ, ಬೆಳ್ಳಿ ಚಮಚ ಜೋಡಿಸಿ, ಬ್ಯಾಂಡು ಬಾರಿಸಿ ಬಡಿಸಿದ್ದೇವೆ. ಅದರ ಸಾಕ್ಷಿ ಬೆಟ್ಟದ ಮೇಲಿಂದ ನೋಡಿದರೆ ಬೆಳ್ಳಗೆ ಎದ್ದು ಕಾಣುತ್ತದೆ. ಮಂಡ್ಯದವರ ಕಡೆಯಿಂದ ಆದ ಲೋಪವೆಂದರೆ ಅವರು ಅರ್ಜಿಯನ್ನು ಕನ್ನಡದಲ್ಲಿ ಕೊಟ್ಟದ್ದು.

ಆದ್ದರಿಂದ ಮುಂದಿನ ಸಮ್ಮೇಳನಗಳ ಆಹಾರ ಸಮಿತಿಯವರಿಗೆ ನನ್ನದೊಂದು ಸೂಚನೆ. ಹೆಚ್ಚಿನ ಖರ್ಚಿಲ್ಲ. ಪ್ರತಿನಿಧಿಗಳ ನೋಂದಣಿ ಫಾರಂನಲ್ಲಿ ಹೆಸರು, ತಾಲ್ಲೂಕು, ಜಿಲ್ಲೆ ಆದ ಮೇಲೆ ಇನ್ನೊಂದು ಕಾಲಂ ಸೇರಿಸಿದರೆ ಸಾಕು: ‘ತಾವು ವೈಸ್‌ರಾಯರೇ? ಹೌದು / ಇಲ್ಲ’. ಹೌದು ಎಂದವರನ್ನು ಸರ್ಕಾರಿ ಕಾರಿನಲ್ಲಿ ಲಲಿತಮಹಲಿಗೆ ಕರೆದೊಯ್ದು ಅವರು ಕೇಳಿದ್ದನ್ನು ಕೇಳಿದ ಹದಕ್ಕೆ ಬೇಯಿಸಿ ಬಡಿಸುವುದು. ಇಲ್ಲ ಎಂದವರು ಎಡಗಡೆಯ ಸಾಲಿನಲ್ಲಿ ನಿಲ್ಲತಕ್ಕದ್ದು, ತಟ್ಟೆ ಲೋಟ ತಾವೇ ತರತಕ್ಕದ್ದು, ಎರಡನೆಯ ಸಲ ಸಾರು ಕೇಳತಕ್ಕದ್ದಲ್ಲ.